ಎಣಿಕೆಗೆ ಬಾರದ ಓಟುಗಳು

ಇವತ್ತು ಜೂನ್ 9, 2024. ದಿಲ್ಲಿಯಲ್ಲಿ ಹೊಸ ಸರ್ಕಾರದ ಪ್ರಮಾಣವಚನ. ನಮ್ಮ ಹರಿಹರದಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ ದಿನ. ನಾನು ಮಸ್ಕತ್ತಿನ ರೂಮಿನಲ್ಲಿ ಡ್ಯೂಟಿ ಮುಗಿಸಿ ಬಂದು ಮಂಚದ ಮೇಲೆ ಕೂತು ಇದನ್ನ ಬರೀತಿದೀನಿ. ಐದು ದಿನದಿಂದ ಬರೀಬೇಕು ಅನ್ಕೊಂಡೆ, ಆಗಿರಲಿಲ್ಲ. ಸ್ವಲ್ಪ ಉದ್ದ ಐತೆ ಬಂಧುಗಳೇ, ಪುರುಸೊತ್ತು ಮಾಡ್ಕೊಂಡು ಓದಿ.

4ನೇ ತಾರೀಖು ಊರಲ್ಲಿ ಬೆಳಗ್ಗೆ ಎಂಟಕ್ಕೆ ಎಣಿಕೆ ಶುರು ಅಂದ್ರೆ ಇಲ್ಲಿ ಆರೂವರೆ. ಕಂಪನಿ ಬಸ್ಸಲ್ಲಿ ಕೂತವನು ಫೋನ್ ಕೆಳಗಿಟ್ಟಿದ್ದೇ ಇಲ್ಲ. ಆಫೀಸಿಗೆ ಬಂದ ಮೇಲೂ ಅಷ್ಟೇ. ಲೇಬರ್‌ಗಳ ಟೈಮ್‌ಶೀಟ್ ಒಂದು ಕಡೆ, ದಾವಣಗೆರೆ ರೌಂಡು ಇನ್ನೊಂದು ಕಡೆ. ಕೊನೆಗೆ 26,094 ಓಟಿನ ಅಂತರದಲ್ಲಿ ನಮ್ಮ ಕ್ಷೇತ್ರದ ಫಲಿತಾಂಶ ಬಂತು. ಆಮೇಲೆ ಊರಿಂದ ಫೋನುಗಳು. ಒಬ್ಬ 'ಖುಷಿ ಆಯ್ತೇನಣ್ಣ' ಅಂದ. ಇನ್ನೊಬ್ಬ 'ದೇಶದಾಗೆ ಹಿಂಗಾಯ್ತಲ್ಲ, ಬೇಜಾರಾಯ್ತಾ' ಅಂದ. ಇಬ್ಬರಿಗೂ ಏನು ಹೇಳಬೇಕೋ ತಿಳಿಲಿಲ್ಲ.

ನನ್ನ ಬೇಜಾರು ಆ ಪಕ್ಷ ಗೆದ್ದಿದ್ದು, ಈ ಪಕ್ಷ ಸೋತಿದ್ದು ಅಲ್ಲ. ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಮೊದಲ ಚುನಾವಣೆ ನಡೆದಿದ್ದು 1977ರಲ್ಲಿ. ಕೊಂಡಜ್ಜಿ ಬಸಪ್ಪನವರು ಗೆದ್ದರು. 1996ರಿಂದ ಈಚೆಗೆ ಎಂಟು ಚುನಾವಣೆ ನಡೆದಿದೆ. ಎಂಟಕ್ಕೆ ಎಂಟರಲ್ಲೂ ಗೆದ್ದಿರೋದು ಎರಡೇ ಮನೆತನದವರು: ಜಿ. ಮಲ್ಲಿಕಾರ್ಜುನಪ್ಪನವರದ್ದು ಒಂದು, ಶಾಮನೂರು ಶಿವಶಂಕರಪ್ಪನವರದ್ದು ಒಂದು. ಈ ಸಲವೂ ಆ ಮನೆಯ ಸೊಸೆ ಎದುರು ಈ ಮನೆಯ ಸೊಸೆ. ಯಾರ ಮೇಲೂ ನನಗೆ ವೈಯಕ್ತಿಕ ಸಿಟ್ಟಿಲ್ಲ. ಆದರೆ 1977ರಿಂದ ಇಲ್ಲಿತನಕ ದಾವಣಗೆರೆಯಿಂದ ಪಾರ್ಲಿಮೆಂಟಿಗೆ ಹೋದ ದಲಿತ ಒಬ್ಬನೂ ಇಲ್ಲ. 'ಅದು ಜನರಲ್ ಕ್ಷೇತ್ರ ಅಲ್ವಾ' ಅಂತೀರಿ. ಹೌದು, ಜನರಲ್. ಜನರಲ್ ಅಂದ್ರೆ ನಮ್ಮನ್ನ ಬಿಟ್ಟು ಅಂತ ಯಾವ ಕಾನೂನಲ್ಲಿ ಬರೆದೈತೆ?

ಈ ಸಲ 'ಸಂವಿಧಾನ' ಅನ್ನೋ ಮಾತು ಕೇಳಿದಷ್ಟು ನನ್ನ ಜೀವಮಾನದಲ್ಲಿ ಯಾವ ಚುನಾವಣೆಯಲ್ಲೂ ಕೇಳಿಲ್ಲ. ಎಲ್ಲ ವೇದಿಕೆಯಲ್ಲೂ ಬಾಬಾಸಾಹೇಬರ ಫೋಟೋ. ಆದರೆ ಟಿಕೆಟ್ ಹಂಚುವಾಗ ನಮ್ಮವರ ಲೆಕ್ಕ 543ರಲ್ಲಿ 84 ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಕ್ಕೆ ನಿಂತುಬಿಡುತ್ತೆ. ನಮ್ಮ ರಾಜ್ಯದಲ್ಲಿ 28ರಲ್ಲಿ 5. ಆನೆ ಗುರುತಿನ ಪಕ್ಷ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಓಟು ತಗೊಂಡು ಒಂದೇ ಒಂದು ಸೀಟು ಗೆಲ್ಲಲಿಲ್ಲ. ಅಷ್ಟೂ ಓಟು ಎಣಿಸಿದರು, ಆದರೆ ಯಾವ ಲೆಕ್ಕಕ್ಕೂ ಬರಲಿಲ್ಲ.

ಇದೆಲ್ಲ ದೊಡ್ಡ ಬೇಜಾರು. ಚಿಕ್ಕದೊಂದು ಐತೆ, ಅದನ್ನ ಹೇಳೋಕೆ ನಾಚಿಕೆ. ಆದರೂ ಹೇಳ್ತೀನಿ.

ಮೇ 7, ನಮ್ಮ ಕಡೆ ಓಟಿನ ದಿನ. ಬೆಳಗ್ಗೆ ಅವ್ವಗೆ ಫೋನ್ ಮಾಡಿದೆ.

'ಓಟು ಹಾಕಿದ್ಯಾ ಅವ್ವ?'

'ಹಾಕಿ ಬಂದೆ ಕಣಪ್ಪ. ಚೀಟಿ ಕೊಡಾಕೆ ಬಂದಿದ್ರಲ್ಲ, ನಿನ್ನ ಹೆಸರು ಈ ಸಲ ಇಲ್ಲ ಅಂದ್ರು.'

'ಇಲ್ಲ ಅಂದ್ರೆ? ನೀನು ಕೇಳಬೇಕಿತ್ತು.'

'ನೀನೇ ಇಲ್ಲ ಅಂದ್ಮೇಲೆ ಹೆಸರು ಎಲ್ಲಿರ್ತೈತಿ?'

ನನಗೆ ರೇಗಿತು. ಆ ಸಿಟ್ಟನ್ನ ಅವ್ವನ ಮೇಲೇ ತೀರಿಸಿಕೊಂಡೆ. 'ಕೇರಿಯಲ್ಲಿ ದುಡ್ಡು ಹಂಚಿದ್ರಂತೆ, ನೀನೂ ತಗೊಂಡ್ಯಾ' ಅಂದೆ. ಅವ್ವ ಸುಮ್ಮನಾದಳು. ಆಮೇಲೆ ಮೆಲ್ಲಗೆ, 'ನೀ ಊರು ಬಿಟ್ಟಿದ್ದು ಯಾತಕ್ಕಪ್ಪ? ದುಡ್ಡಿಗೇ ಅಲ್ಲೇನು?' ಅಂತ ಕೇಳಿ ಫೋನ್ ಇಟ್ಟಳು.

ಇಪ್ಪತ್ತು ವರ್ಷ ದಾವಣಗೆರೆ ಜಯದೇವ ಸರ್ಕಲ್‌ನಲ್ಲಿ ನಿಂತು 'ನಿಮ್ಮ ಓಟು ಮಾರ್ಕೋಬೇಡಿ' ಅಂತ ಕೂಗಿದವನು ನಾನು. ನನ್ನ ಓಟೇ ಪಟ್ಟಿಯಲ್ಲಿಲ್ಲ! ಕಾನೂನಿನ ಪ್ರಕಾರ ತೆಗೆದಿದ್ದು ತಪ್ಪೂ ಅಲ್ಲ. ಊರಲ್ಲಿ ವಾಸ ಇಲ್ಲದವನ ಹೆಸರು ಮಾಮೂಲಿ ಪಟ್ಟಿಯಲ್ಲಿ ಇರಂಗಿಲ್ಲ. ಹೊರದೇಶದಲ್ಲಿ ಇರೋ ನಮ್ಮಂಥವರಿಗೆ ಅಂತ 2010ರಲ್ಲಿ ಜನಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ತಂದು ಬೇರೆ ದಾರಿ ಮಾಡಿದಾರೆ. ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರೋ ಊರಿನ ವಿಳಾಸದಲ್ಲಿ ಹೆಸರು ಸೇರಿಸಬೇಕು. ಆದರೆ ಓಟು ಹಾಕಬೇಕಂದ್ರೆ ಪಾಸ್‌ಪೋರ್ಟ್ ಹಿಡ್ಕೊಂಡು ಊರಿನ ಮತಗಟ್ಟೆಗೇ ಹೋಗಿ ನಿಲ್ಲಬೇಕು. ರಾಯಭಾರ ಕಚೇರಿಯ ನೌಕರರಿಗೆ ಅಂಚೆ ಮತ ಐತೆ. ಸಿಮೆಂಟ್ ಹೊರೋನಿಗೆ, ಲೆಕ್ಕ ಬರೆಯೋನಿಗೆ ಇಲ್ಲ. ನಮ್ಮ ಪರವಾಗಿ ಬೇರೆಯವರು ಓಟು ಹಾಕಬಹುದು ಅನ್ನೋ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಯ್ತು. ರಾಜ್ಯಸಭೆಯಲ್ಲಿ ಪಾಸಾಗೋ ಮೊದಲೇ ಲೋಕಸಭೆ ಅವಧಿ ಮುಗಿದು ಅದೂ ಸತ್ತಿತು.

2019ರ ಲೆಕ್ಕ ನೋಡಿ. ಇಡೀ ಪ್ರಪಂಚದಿಂದ ಹೆಸರು ಸೇರಿಸಿದ್ದ ಅನಿವಾಸಿ ಮತದಾರರು 99,844. ಊರಿಗೆ ಹೋಗಿ ಓಟು ಹಾಕಿದವರು 25,606. ಅದರಲ್ಲಿ 25,534 ಜನ ಕೇರಳದವರು. ಅಂದ್ರೆ ಕರ್ನಾಟಕವೂ ಸೇರಿ ಉಳಿದ ಇಡೀ ದೇಶದಿಂದ 72 ಜನ! ನಮ್ಮ ಆಫೀಸಿನ ಮಲಯಾಳಿ ಈ ಸಲವೂ ರಜೆ ಹಾಕಿ ಏಪ್ರಿಲ್ 26ಕ್ಕೆ ಹೋಗಿ ಓಟು ಹಾಕಿ ಬಂದ. ಅವನಿಗೂ ನನ್ನಷ್ಟೇ ಸಂಬಳ. ಅವನ ಊರಲ್ಲಿ ಅವನ ಓಟನ್ನ ಎಣಿಸೋರು ಮೊದಲೇ ಇದ್ದರು. ಯಾರು ಗಲ್ಫಲ್ಲಿದಾರೆ, ಯಾರು ಫಾರ್ಮ್ ತುಂಬಿಲ್ಲ, ಯಾರಿಗೆ ರಜೆ ಸಿಗುತ್ತೆ ಅಂತ ಆರು ತಿಂಗಳು ಮೊದಲೇ ಫೋನ್ ಮಾಡಿ ಕೇಳಿದ್ದರು. ನಮ್ಮೂರಿಂದ ನನಗೆ ಅಂಥ ಒಂದು ಫೋನೂ ಬರಲಿಲ್ಲ. ನಾನೂ ಯಾರಿಗೂ ಮಾಡಲಿಲ್ಲ.

ಈ ಮಾತು ತಲೆಯಲ್ಲಿ ಕೊರೀತಿರುವಾಗ್ಲೇ ನನಗೆ 1952 ನೆನಪಾಗಿದ್ದು.

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ. ಹಿಂದೂ ಕೋಡ್ ಬಿಲ್ಲಿಗೆ ಆದ ಗತಿ ನೋಡಿ ಬಾಬಾಸಾಹೇಬರು 1951ರ ಸೆಪ್ಟೆಂಬರಿನಲ್ಲಿ ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ಪರಿಶಿಷ್ಟ ಜಾತಿಗಳ ಫೆಡರೇಷನ್ನಿನಿಂದ ಬಾಂಬೆ ಸಿಟಿ ನಾರ್ತ್ ಕ್ಷೇತ್ರಕ್ಕೆ ನಿಂತರು. ಗುರುತು ಆನೆ. ಅದು ದ್ವಿಸದಸ್ಯ ಕ್ಷೇತ್ರ. ಒಂದೇ ಕ್ಷೇತ್ರಕ್ಕೆ ಇಬ್ಬರು ಸಂಸದರು, ಒಂದು ಸಾಮಾನ್ಯ ಸೀಟು, ಒಂದು ಮೀಸಲು ಸೀಟು. ಒಬ್ಬೊಬ್ಬ ಮತದಾರನಿಗೂ ಎರಡು ಓಟು. ಆಗ ಈಗಿನ ಹಾಗೆ ಮುದ್ರೆ ಒತ್ತೋದಾಗಲಿ ಬಟನ್ ಒತ್ತೋದಾಗಲಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಗುರುತು ಅಂಟಿಸಿದ ಒಂದೊಂದು ಡಬ್ಬಿ. ಚೀಟಿ ತಗೊಂಡು ಹೋಗಿ ಬೇಕಾದವರ ಡಬ್ಬಿಗೆ ಹಾಕೋದು. ಎರಡು ಚೀಟಿಯನ್ನೂ ಒಂದೇ ಡಬ್ಬಿಗೆ ಹಾಕಿದರೆ ಒಂದು ತಿರಸ್ಕೃತ.

ನಮ್ಮ ಅಜ್ಜಿ ಈ ಡಬ್ಬಿಗಳ ಕಥೆ ಹೇಳ್ತಿದ್ದಳು. ಆಗ ನಮ್ಮ ಕಡೆಯೆಲ್ಲ ಚಿತ್ರದುರ್ಗ ಜಿಲ್ಲೆ, ಮೈಸೂರು ರಾಜ್ಯ. ಚಿತ್ರದುರ್ಗದಿಂದ ಪಾರ್ಲಿಮೆಂಟಿಗೆ ಗೆದ್ದವರು ನಿಜಲಿಂಗಪ್ಪನವರು. 'ಗೌಡ್ರು ಜೋಡೆತ್ತಿನ ಡಬ್ಬಿಗೆ ಹಾಕು ಅಂದಿದ್ರು, ಹಾಕ್ದೆ. ಆದರೆ ಗೌಡ್ರ ಹೆಂಡ್ತಿ ನಿಂತಿದ್ದ ಸಾಲಿನಾಗೇ ನಾನೂ ನಿಂತಿದ್ದೆ ನೋಡು' ಅಂತಿದ್ದಳು. ಅವಳಿಗೆ ಯಾರು ಗೆದ್ದರು ಅನ್ನೋದು ನೆನಪಿರಲಿಲ್ಲ. ಸಾಲು ನೆನಪಿತ್ತು.

ಆ ಸಾಲಿನಲ್ಲಿ ನಿಲ್ಲೋಕೂ ಆಗದವರು ಎಷ್ಟು ಜನ ಗೊತ್ತಾ? ಹೆಸರು ಕೇಳಿದಾಗ 'ಇಂಥವರ ಹೆಂಡ್ತಿ', 'ಇಂಥವರ ತಾಯಿ' ಅಂತ ಮಾತ್ರ ಹೇಳಿದ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರನ್ನ ಪಟ್ಟಿಯಿಂದ ಕೈಬಿಟ್ಟಿದ್ದರು. ಹೆಚ್ಚಿನವರು ಉತ್ತರದ ರಾಜ್ಯಗಳವರು.

ಬಾಂಬೆಯ ಫಲಿತಾಂಶ ಬಂತು. ಮೀಸಲು ಸೀಟಿನಲ್ಲಿ ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್ ಅವರಿಗೆ 1,38,137. ಬಾಬಾಸಾಹೇಬರಿಗೆ 1,23,576. ಅಂತರ 14,561. ಸಂವಿಧಾನ ಬರೆದವರಿಗೆ ಆ ಕ್ಷೇತ್ರದಲ್ಲಿ ಸಿಕ್ಕಿದ್ದು ನಾಲ್ಕನೇ ಸ್ಥಾನ. ಇಷ್ಟು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. 'ಅಂಬೇಡ್ಕರನ್ನೇ ಸೋಲಿಸಿದ ದೇಶ ಇದು' ಅಂತ ಪ್ರತಿ ಚುನಾವಣೆ ಆದಮೇಲೂ ಪೋಸ್ಟ್ ಹಾಕ್ತೀವಿ. ನಾನೂ ಹಾಕಿದೀನಿ.

ಆದರೆ ನಾವು ಹೇಳದೆ ಬಿಡೋ ಒಂದು ಅಂಕಿ ಐತೆ. ಆ ಕ್ಷೇತ್ರದಲ್ಲಿ ತಿರಸ್ಕೃತವಾಗಿ ಎಣಿಕೆಗೆ ಬಾರದೇ ಹೋದ ಓಟು 74,333.

ಸೋಲಿನ ಅಂತರದ ಐದು ಪಟ್ಟು. ಆ ಓಟುಗಳಲ್ಲಿ ಬಾಬಾಸಾಹೇಬರಿಗೆ ಎಷ್ಟು ಬೀಳ್ತಿತ್ತು ಅಂತ ಯಾರೂ ಹೇಳೋಕಾಗಲ್ಲ. ಅವರೂ, ಅವರ ಜೊತೆ ಸಾಮಾನ್ಯ ಸೀಟಿಗೆ ನಿಂತಿದ್ದ ಸಮಾಜವಾದಿ ಅಶೋಕ ಮೆಹ್ತಾ ಅವರೂ ತಕರಾರು ಅರ್ಜಿ ಹಾಕಿದರು. ಎರಡನೇ ಓಟನ್ನ ವ್ಯರ್ಥ ಮಾಡಿ ಅಂತ ಎದುರಾಳಿ ಕಮ್ಯುನಿಸ್ಟರು ಜನಕ್ಕೆ ಹೇಳಿಕೊಟ್ಟಿದ್ದಾರೆ ಅನ್ನೋದು ಅವರ ದೂರು. ಫಲಿತಾಂಶ ಬದಲಾಗಲಿಲ್ಲ. 1954ರ ಮೇ ತಿಂಗಳಲ್ಲಿ ಭಂಡಾರಾ ಉಪಚುನಾವಣೆಗೆ ಮತ್ತೆ ನಿಂತರು. ಅಲ್ಲೂ ಸೋಲು. ಸ್ವತಂತ್ರ ಭಾರತದಲ್ಲಿ ಜನರ ನೇರ ಓಟಿನಿಂದ ಬಾಬಾಸಾಹೇಬರು ಒಮ್ಮೆಯೂ ಗೆಲ್ಲಲಿಲ್ಲ.

ಯಾಕೆ ಹಿಂಗಾಯ್ತು? ಉತ್ತರಕ್ಕೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ನಮ್ಮ ಓಟಿನ ಮಾತನ್ನ ಬಾಬಾಸಾಹೇಬರು ಗಟ್ಟಿಯಾಗಿ ಎತ್ತಿದ್ದು ಹೊರದೇಶದಲ್ಲಿ, ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ. ಅದರ ಫಲವಾಗಿ 1932ರ ಆಗಸ್ಟಿನಲ್ಲಿ ಪ್ರತ್ಯೇಕ ಮತಕ್ಷೇತ್ರ ಸಿಕ್ಕಿತು. ನಮ್ಮ ಪ್ರತಿನಿಧಿಯನ್ನ ನಾವೇ ಆರಿಸೋ ಹಕ್ಕು. ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ. ಮೀಸಲು ಸೀಟು 71ರಿಂದ 148ಕ್ಕೆ ಏರಿತು, ಆದರೆ ಅಂತಿಮ ಓಟು ಎಲ್ಲರದ್ದೂ ಆಯಿತು. ಸೀಟು ನಮ್ಮದು, ಕೂರಿಸೋರು ಬೇರೆಯವರು. 1946ರ ಪ್ರಾಂತ್ಯ ಚುನಾವಣೆಯಲ್ಲಿ ಫೆಡರೇಷನ್ ನೆಲಕಚ್ಚಿದ್ದರಿಂದ ಬಾಬಾಸಾಹೇಬರು ಸಂವಿಧಾನ ಸಭೆಗೆ ಮೊದಲು ಹೋಗಬೇಕಾಗಿದ್ದು ಬಂಗಾಳದಿಂದ, ಜೋಗೇಂದ್ರನಾಥ ಮಂಡಲರ ಸಹಾಯದಿಂದ. 1952 ಅದೇ ಕಥೆಯ ಮುಂದಿನ ಭಾಗ. ಮೀಸಲು ಕ್ಷೇತ್ರದಲ್ಲಿ ಗೆಲ್ಲೋ ನಮ್ಮವನು ಯಾರ ಮಾತು ಕೇಳಬೇಕಾಗುತ್ತೆ ಅನ್ನೋದಕ್ಕೆ ಇವತ್ತಿಗೂ ಉತ್ತರ ಅಲ್ಲೇ ಐತೆ.

ಈಗ ಇನ್ನೊಂದು ತಾರೀಖು ಹೇಳ್ತೀನಿ. 1952ರ ಜೂನ್ 5. ಸೋತು ಐದು ತಿಂಗಳೂ ಆಗಿಲ್ಲ. ಬಾಬಾಸಾಹೇಬರು ಅಮೆರಿಕದ ನ್ಯೂಯಾರ್ಕಿನಲ್ಲಿದಾರೆ. 1913ರಲ್ಲಿ ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಓದೋಕೆ ಹೋಗಿದ್ದ ಅದೇ ಕೊಲಂಬಿಯಾ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಸೋತ ಮನುಷ್ಯನಿಗೆ ಹೊರದೇಶದಲ್ಲಿ ಸನ್ಮಾನ. ಅಲ್ಲೇ ಎಲ್ಲಾದರೂ ಪಾಠ ಮಾಡ್ಕೊಂಡು ನೆಮ್ಮದಿಯಾಗಿ ಇರಬಹುದಿತ್ತು. 'ಈ ದೇಶ ಉದ್ಧಾರ ಆಗಲ್ಲ' ಅಂತ ನಾವು ರೂಮಲ್ಲಿ ಕೂತು ಹೇಳೋ ಮಾತನ್ನ ಹೇಳೋ ಅಧಿಕಾರ ಯಾರಿಗಾದರೂ ಇದ್ದರೆ ಅವರಿಗಿತ್ತು. ಅವರು ವಾಪಸ್ ಬಂದರು. ರಾಜ್ಯಸಭೆಯಲ್ಲಿ ಮಾತಾಡಿದರು. ಭಂಡಾರಾಕ್ಕೆ ಹೋಗಿ ಇನ್ನೊಂದ್ಸಲ ಸೋತರು. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧಮ್ಮ ಸ್ವೀಕರಿಸಿದರು. ಆ ಮೈದಾನದಲ್ಲಿ ನಿಂತ ಜನರನ್ನ ಯಾವ ಡಬ್ಬಿಯೂ ತಿರಸ್ಕರಿಸೋಕೆ ಆಗಲಿಲ್ಲ.

ನಮ್ಮ ಹರಿಹರದ ಕಥೆಯೂ ಹಿಂಗೇ. ಬಿ. ಬಸವಲಿಂಗಪ್ಪನವರು ಈ ನೆಲದವರೇ. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸಿದರು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಐತೆ ಅಂದಿದ್ದಕ್ಕೆ ರಾಜ್ಯ ಎಲ್ಲ ಗಲಾಟೆ, ದಲಿತ ಹುಡುಗರ ಮೇಲೆ ಹಲ್ಲೆ. ಮುಂದಿನ ತಿಂಗಳೇ ಮಂತ್ರಿ ಪದವಿ ಹೋಯ್ತು. ಓಟಿನಿಂದ ಬಂದ ಕುರ್ಚಿ ಒಂದು ಮಾತಿಗೆ ಹೋಯ್ತು. ಆದರೆ ಆ ಗಲಾಟೆಯಲ್ಲಿ ಏಟು ತಿಂದ ಹುಡುಗರೇ ಒಟ್ಟಾದರು. ಹರಿಹರದ ಇನ್ನೊಬ್ಬ ಮಗ, ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಕೃಷ್ಣಪ್ಪನವರು ಅವರನ್ನೆಲ್ಲ ಕಟ್ಟಿಕೊಂಡು ದಲಿತ ಸಂಘರ್ಷ ಸಮಿತಿ ಮಾಡಿದರು. ಭೂಮಿ ಹೋರಾಟ, ಕೇರಿ ಕೇರಿಯಲ್ಲಿ ರಾತ್ರಿ ಸಭೆ, 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ವಿರುದ್ಧ ಹೋರಾಟ. ಇದ್ಯಾವುದೂ ಎಣಿಕೆಯ ದಿನ ಬಂದ ಫಲಿತಾಂಶ ಅಲ್ಲ. ಮುಂದೆ ಇದೇ ಓಟಿನ ರಾಜಕೀಯದ ಪ್ರಶ್ನೆಯಲ್ಲಿ ಸಂಘಟನೆ ಬಣ ಬಣ ಆಯ್ತು, ಅದನ್ನೂ ಮುಚ್ಚಿಡಬಾರದು. 1997ರ ಏಪ್ರಿಲ್ 30ಕ್ಕೆ ಕೃಷ್ಣಪ್ಪನವರು ತೀರಿಕೊಂಡಾಗ ನಾನು ದಾವಣಗೆರೆಯಲ್ಲಿ ಬಿಎ ಓದ್ತಿದ್ದೆ. ಹನಗವಾಡಿಯ ಮೈತ್ರಿವನಕ್ಕೆ ಅಲ್ಲಿಂದ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ.

ಹಂಗಾದರೆ ಓಟು ಬೇಡ, ಹೋರಾಟ ಸಾಕು ಅಂತೀಯಾ ಅಂದ್ರೆ, ಇಲ್ಲ. ಅದಕ್ಕೆ ನಮ್ಮಪ್ಪನೇ ಸಾಕ್ಷಿ. ಅಪ್ಪ ದಾವಣಗೆರೆ ಹತ್ತಿ ಮಿಲ್ಲಿನ ಕೆಲಸಗಾರ. ಸಾಹುಕಾರರ ಊರು ಅನ್ನಿಸಿಕೊಂಡ ದಾವಣಗೆರೆ 1978, 1983, 1985, ಮೂರು ಸಲ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನ ವಿಧಾನಸಭೆಗೆ ಕಳಿಸಿತ್ತು. ಹೆಂಗೆ? ಅಪ್ಪ ಹೇಳ್ತಿದ್ದ: ಪಾಳಿ ಮುಗಿದ ಮೇಲೆ ಮಿಲ್ ಗೇಟಿನ ಹತ್ರ ಮಂಡಕ್ಕಿ ತಿಂತಾ ಯೂನಿಯನ್ನಿನವರು ಯಾರ ಮನೆಯಲ್ಲಿ ಎಷ್ಟು ಓಟು, ಯಾರ ಹೆಸರು ಬಿಟ್ಟೈತೆ, ಯಾರು ಊರಿಗೆ ಹೋಗಿದಾರೆ ಅಂತ ಕೇಳಿ ಬರ್ಕೊಳ್ತಿದ್ದರು. ಡಬ್ಬಿಗೆ ಬೀಳೋ ಮೊದಲೇ ಆ ಓಟು ಎಣಿಕೆ ಆಗಿರ್ತಿತ್ತು. ಎಣಿಸೋರು ನಮ್ಮೋರೇ ಆಗಿದ್ದರು. ಆಮೇಲೆ ಮಿಲ್ಲುಗಳು ಒಂದೊಂದೇ ಮುಚ್ಚಿದವು. ಗೇಟಿನ ಹತ್ರ ಸೇರೋರು ಚದುರಿದರು. ನಾವು ಮನೆ ಖಾಲಿ ಮಾಡಿ ಹರಿಹರದ ಅಜ್ಜಿ ಮನೆಗೆ ಬಂದ್ವಿ. ನಾನು ಇಲ್ಲಿಗೆ ಬಂದೆ.

ಈ ಐದು ದಿನ ಯೋಚನೆ ಮಾಡಿ ನನಗೆ ತಿಳಿದಿದ್ದು ಇಷ್ಟು. ನಮ್ಮ ಸೋಲು ಎಣಿಕೆಯ ದಿನ ಆಗೋದಲ್ಲ. ಪಟ್ಟಿಯಿಂದ ಹೆಸರು ಬಿದ್ದುಹೋದ ದಿನ ಆಗಿರುತ್ತೆ. ಕಾಫಿ ತೋಟಕ್ಕೆ ಹೋದವರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು, ನನ್ನ ಹಾಗೆ ಸಮುದ್ರ ದಾಟಿದವರು, ಇವರನ್ನೆಲ್ಲ ಯಾರೂ ಕೇಳದೇ ಇದ್ದ ದಿನ ಆಗಿರುತ್ತೆ. 1952ರಲ್ಲಿ 74,333 ಓಟು ಡಬ್ಬಿಯೊಳಗೆ ಬಿದ್ದೂ ಎಣಿಕೆಗೆ ಬರಲಿಲ್ಲ. ನಮ್ಮವು ಈಗ ಡಬ್ಬಿತನಕವೂ ಹೋಗ್ತಿಲ್ಲ. ಅದಕ್ಕೆ ಯಾರ ಮೇಲೆ ದೂರು ಹೇಳೋಣ? ದುಡ್ಡು ಹಂಚಿದವನು ಕನಿಷ್ಠ ನಮ್ಮವ್ವನ ಮನೆ ಬಾಗಿಲಿಗೆ ಬಂದಿದ್ದ. ನಾವು ಹೋಗಿದ್ವಾ?

ಅದಕ್ಕೇ ಭಾಷಣ ಬಿಟ್ಟು ಮೂರು ಕೆಲಸ ಹೇಳ್ತೀನಿ. ಒಂದು, ಗಲ್ಫಿನಲ್ಲಿರೋ ನಮ್ಮ ಹುಡುಗರು ನಮೂನೆ 6ಎ ತುಂಬಿ. ಬೇರೆ ದೇಶದ ಪೌರತ್ವ ತಗೊಂಡಿರಬಾರದು, ಅಷ್ಟೇ. ನಾನು ಮೊನ್ನೆ ಶುಕ್ರವಾರ ನನ್ನದು ಹಾಕಿದೆ, ರೂಮಿನ ಇನ್ನಿಬ್ಬರದ್ದೂ ಹಾಕಿಸಿದೆ. ಗೊತ್ತಾಗದಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಎರಡು, ಊರಲ್ಲಿರೋ ತಮ್ಮಂದಿರು, ತಂಗಿಯರು ನಿಮ್ಮ ಕೇರಿಯ ಮತದಾರರ ಪಟ್ಟಿ ತಗೊಂಡು ಒಂದು ಭಾನುವಾರ ಮನೆ ಮನೆಗೆ ಹೋಗಿ. ಯಾರ ಹೆಸರು ಇಲ್ಲ, ಯಾಕಿಲ್ಲ, ಬರ್ಕೊಳ್ಳಿ. ಚುನಾವಣೆ ಹತ್ರ ಬಂದಾಗ ಅಲ್ಲ, ಈಗ. ಮೂರು, ಕೇರಿಯಲ್ಲಿ ದುಡ್ಡು ತಗೊಂಡವರನ್ನ ಬೈಯೋದು ಬಿಡಿ. ಬೈಯೋಕೆ ಮೊದಲು ಅವರ ಮನೆಗೆ ಹೋಗಿ ಕೂತು ಒಂದು ಲೋಟ ಚಾ ಕುಡೀರಿ.

ಕೊನೆಗೆ ಒಂದು. ಮೊನ್ನೆ ಅವ್ವಗೆ ಫೋನ್ ಮಾಡಿ, 'ತಪ್ಪಾಯ್ತವ್ವ' ಅಂದೆ. 'ಎದರದ್ದಪ್ಪ ತಪ್ಪು' ಅಂತ ಏನೂ ಆಗೇ ಇಲ್ಲ ಅನ್ನೋ ಹಾಗೆ ಕೇಳಿದಳು. ಫಾರ್ಮ್ ತುಂಬಿದ ವಿಷಯ ಹೇಳಿದೆ. 'ಹಂಗಾದ್ರೆ ಮುಂದಿನ ಓಟಿಗೆ ಬರ್ತೀಯಾ?' ಅಂದಳು.

ಬರ್ತೀನಿ ಅಂದಿದೀನಿ. ಅವ್ವಗೆ ಈಗ ಎಪ್ಪತ್ತರ ಹತ್ರ. ಅವಳ ಹಿಂದೆ ಸಾಲಿನಲ್ಲಿ ನಿಲ್ಲಬೇಕು.

ಕೃಷ್ಣಪ್ಪ ಮೇಷ್ಟ್ರಿಗೆ ನಮನ. ಜೈ ಭೀಮ್.